ಸಕ್ಕರೆ ಇಳಿದ ದಿನ

ಬೆಳಿಗ್ಗೆ ರಾಮಕೃಷ್ಣನಗರದ ಲ್ಯಾಬಿನಲ್ಲಿ ಅಮ್ಮನ ರಿಪೋರ್ಟಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಏಕಾಂತಯ್ಯ, ಸಣ್ಣಯ್ಯ ಅಂತ ಇಬ್ಬರು ಹಿರಿಯರಿದ್ದರು. ಮೂರು ತಿಂಗಳಿಗೊಮ್ಮೆ ಸಕ್ಕರೆ ಪರೀಕ್ಷೆಗೆ ಬಂದಾಗ ಇಲ್ಲೇ ಆದ ಪರಿಚಯವಂತೆ. ಏಕಾಂತಯ್ಯನವರ ಹೆಂಡತಿ ಪಾರ್ವತಮ್ಮ ರಿಪೋರ್ಟ್ ತರಲು ಕೌಂಟರಿನ ಸಾಲಿನಲ್ಲಿ ನಿಂತಿದ್ದರು.

"ಮನೇಲಿ ಹೇಳಿದ್ರಾ?" ಅಂದರು ಸಣ್ಣಯ್ಯ.

"ಇಲ್ಲ ಕಣ್ರೀ. ಪ್ರಾಸ್ಟೇಟ್ ಎಲ್ಲಿರುತ್ತೆ ಅಂತಾನೂ ಅವಳಿಗೆ ಗೊತ್ತಿಲ್ಲ."

"ಕ್ಯಾನ್ಸರ್ ಅಂದ್ರೆ ಗೊತ್ತಾಗುತ್ತಲ್ಲ."

"ಅದಕ್ಕೇ ಹೇಳಿಲ್ಲ."

"ಮತ್ತೆ ಗಳಿಗೆಗೊಂದ್ಸಲ ಬಚ್ಚಲಿಗೆ ಎದ್ದು ಹೋಗ್ತೀರಲ್ಲ, ಏನಂದ್ಕೊಂಡವ್ರೆ?"

"ಸಕ್ಕರೆ ಕಾಯಿಲೆಯಿಂದ ಅಂತ. ನಾನೇ ಎರಡು ವರ್ಷ ಹಾಗಂದ್ಕೊಂಡು ಸುಮ್ನಿದ್ನಲ್ಲ. ದಿನಾ ಹಾಗಲಕಾಯಿ ರಸ ಕುಡಿಸ್ತಾಳೆ. ಮುದ್ದೆ ಅರ್ಧ ಮಾಡ್ಬುಟ್ಟಿದ್ದಾಳೆ. ನನ್ನ ಜೊತೆ ಅವಳೂ ಸಪ್ಪೆ ಕಾಫಿ ಕುಡೀತಾಳೆ."

"ಆಪರೇಷನ್ ಯಾವಾಗ?"

"ಸಕ್ಕರೆ ಇಳಿದ ಮೇಲೆ ಅಂದಿದ್ದಾರೆ ಡಾಕ್ಟ್ರು. ಇಳಿದ ದಿನ ಅವಳಿಗೆ ಹೇಳೋಣ ಅಂತ ನಾನೂ..."

"ಇಳೀದೇ ಇರ್ಲಿ ಅಂತ ಜಿಲೇಬಿ ಗಿಲೇಬಿ ತಿಂತಿಲ್ಲ ತಾನೇ?"

"ಒಂದಿನ ತಿಂದೆ," ಅಂದು ಏಕಾಂತಯ್ಯ ನಕ್ಕರು. ಸಣ್ಣಯ್ಯ ನಗಲಿಲ್ಲ.

ಅಷ್ಟರಲ್ಲಿ ಪಾರ್ವತಮ್ಮ ರಿಪೋರ್ಟ್ ಹಿಡಿದು ಬಂದರು. ಮುಖ ಅರಳಿತ್ತು.

"ನೂರಾ ಹದಿನೆಂಟು ಕಣ್ರೀ! ನಾನು ಹೇಳ್ಲಿಲ್ವಾ? ಇನ್ನು ನೋಡ್ತಿರಿ, ಬಚ್ಚಲಿಗೆ ಏಳೋದೂ ನಿಂತೋಗುತ್ತೆ."

ಸಣ್ಣಯ್ಯ ಏಕಾಂತಯ್ಯನವರ ಮುಖವನ್ನೇ ನೋಡುತ್ತಿದ್ದರು. ನಾನೂ ನೋಡಿದೆ.

"ನಿಲ್ಲುತ್ತೆ ಕಣೇ," ಅಂದರು ಅವರು. "ನಡಿ, ಆಟೋ ಸಿಗುತ್ತೇನೋ ನೋಡೋಣ."

ಪಾರ್ವತಮ್ಮ ಅವರ ತೋಳು ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿಸುತ್ತಾ, ಆ ನಂಬರನ್ನೇ ಮತ್ತೆ ಮತ್ತೆ ಹೇಳುತ್ತಾ ಹೋದರು.