ಊದಿದರೂ ಹಾರದ ಚೆಂಡು

ಬ್ಯಾಡಗಿಯಲ್ಲಿ ಮಹಾರುದ್ರಪ್ಪ ಎಂಬ ಸಾಹುಕಾರನಿದ್ದ. ಮೆಣಸಿನಕಾಯಿ ವ್ಯಾಪಾರ. ದನಿ ದೊಡ್ಡದು. ಮಾರುಕಟ್ಟೆಯಲ್ಲಿ ಅವನು ಕೂಗಿದರೆ ಹಮಾಲರು ಹೊತ್ತ ಚೀಲ ಇಳಿಸಿ ನಿಲ್ಲುತ್ತಿದ್ದರು. ಮನೆಯಲ್ಲೂ ಅದೇ ದನಿ. ಮಗಳು ದಾನೇಶ್ವರಿ ಹತ್ತನೆಯ ತರಗತಿಯಲ್ಲಿದ್ದಳು. ಮುಂದೆ ವಿಜ್ಞಾನ ಓದುತ್ತೇನೆ ಎಂದಳು. ಕಾಮರ್ಸ್ ಓದಿ ಅಂಗಡಿಯಲ್ಲಿ ಕೂರು ಎಂದ ಅವನು. ಅವಳು ಮತ್ತೆ ಹೇಳಿದಳು, ಇವನು ಕೂಗಿದ. ಅಂದಿನಿಂದ ಮಗಳು ಅಪ್ಪನ ಮುಂದೆ ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ಗೆದ್ದೆ ಎಂದುಕೊಂಡ. ನಾವೂ ಹಾಗೇ ಅಂದುಕೊಳ್ಳುತ್ತೇವಲ್ಲವೆ?

ಶಾಲೆಯಲ್ಲಿ ವಿಜ್ಞಾನ ದಿನ ಬಂತು. ಪಾಲಕರನ್ನು ಕರೆದಿದ್ದರು. ಮೇಷ್ಟರು ಎಣ್ಣೆ ಹೊಯ್ಯುವ ಆಲಿಕೆಯೊಳಗೆ ಟೇಬಲ್ ಟೆನಿಸ್ ಚೆಂಡು ಇಟ್ಟು, ಕೆಳಗಿನ ಕೊಳವೆಯಿಂದ ಊದಿ ಇದನ್ನು ಯಾರು ಹಾರಿಸುತ್ತೀರಿ ಎಂದು ಕೇಳಿದರು. ಮಹಾರುದ್ರಪ್ಪ ಎದ್ದ. ಊದಿದ. ಚೆಂಡು ಹಾರಲಿಲ್ಲ. ಇನ್ನೂ ಜೋರಾಗಿ ಊದಿದ. ಕೆನ್ನೆ ಉಬ್ಬಿತು, ಕಿವಿ ಕೆಂಪಾಯಿತು. ಚೆಂಡು ನಡುಗುತ್ತ ಅಲ್ಲೇ ಕೂತಿತ್ತು. ಮೇಷ್ಟರು ಆಲಿಕೆಯನ್ನು ತಲೆಕೆಳಗು ಮಾಡಿ, ಚೆಂಡನ್ನು ಬೆರಳಿನಿಂದ ಒತ್ತಿ ಹಿಡಿದು, ಈಗ ಊದಿ ಎಂದರು. ಅವನು ಊದಿದ. ಮೇಷ್ಟರು ಬೆರಳು ತೆಗೆದರೂ ಚೆಂಡು ಬೀಳಲಿಲ್ಲ. ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ, ಬಿತ್ತು. ನೋಡಿ, ಊದಿದರೆ ನಿಲ್ಲುತ್ತದೆ, ಬಿಟ್ಟರೆ ಬೀಳುತ್ತದೆ. ಇದೆಂಥ ನ್ಯಾಯ? ಅಂಟು ಹಚ್ಚಿದ್ದಾರೆ ಎಂದು ಬೆರಳಿನಿಂದ ಉಜ್ಜಿ ನೋಡಿದ. ಅಂಟೂ ಇಲ್ಲ. ಜನ ನಕ್ಕರು. ಮಗಳು ಮಾತ್ರ ನಗಲಿಲ್ಲ.

ಮನೆಗೆ ಬಂದರೂ ತಲೆಯಲ್ಲಿ ಅದೇ. ಊಟಕ್ಕೆ ಕೂತವನು ಅನ್ನ ಕಲಸುತ್ತಲೇ ಇದ್ದ, ಬಾಯಿಗಿಡಲಿಲ್ಲ. ಆ ಚೆಂಡು ಯಾಕೆ ಬೀಳಲಿಲ್ಲ ಎಂದು ಮಗಳನ್ನು ಮೆಲ್ಲಗೆ ಕೇಳಿದ. ಚೆಂಡಿಗೂ ಆಲಿಕೆಗೂ ನಡುವಿನ ಇಕ್ಕಟ್ಟಿನಲ್ಲಿ ನುಗ್ಗುವ ಗಾಳಿ ವೇಗವಾಗಿ ಓಡುತ್ತದೆ, ಅಲ್ಲಿ ಅದರ ಒತ್ತಡ ಇಳಿಯುತ್ತದೆ, ಹೊರಗೆ ಸುಮ್ಮನಿರುವ ಗಾಳಿ ಚೆಂಡನ್ನು ಒಳಕ್ಕೆ ಒತ್ತುತ್ತದೆ ಎಂದಳು ಅವಳು.

"ನಾ ಆಚೆ ದೂಡಿದ್ರ ಅದು ನನ್ ಕಡೆನ ಬರತೈತಿ ಅಂದ್ರ ಹೆಂಗ? ತಲಿಗೆ ಹತ್ತವಲ್ದು. ಇನ್ನೊಮ್ಮೆ ಹೇಳವಾ."

ಲೋಟ, ಬಟ್ಟಲು ಇಟ್ಟುಕೊಂಡು ಮತ್ತೆ ಹೇಳಿದಳು. ಆಗಲೂ ತಿಳಿಯಲಿಲ್ಲ. ಆದರೆ ಅವನು ಏಳಲಿಲ್ಲ. ಅನ್ನ ಆರಿತು. ಅವಳು ಹೇಳುತ್ತಲೇ ಇದ್ದಳು. ಗಾಳಿಯಿಂದ ನೀರಿಗೆ, ನೀರಿನಿಂದ ವಿಮಾನದ ರೆಕ್ಕೆಗೆ. ಇಷ್ಟು ದಿನ ಮೂಕಿಯಂತಿದ್ದ ಹುಡುಗಿ ಇವಳೇನಾ ಎಂದು ಅವನು ಇನ್ನಷ್ಟು ಗೊಂದಲಕ್ಕೆ ಬಿದ್ದ.

"ಇಷ್ಟ್ ಮಾತು ನಿನ್ನೊಳಗ ಇದ್ವೇನ?"

"ಇದ್ವು ಅಪ್ಪಾ. ನೀವು ಕೇಳಿರಲಿಲ್ಲ."

ಜೂನ್‌ನಲ್ಲಿ ಅವನೇ ಹೋಗಿ ಮಗಳನ್ನು ವಿಜ್ಞಾನಕ್ಕೆ ಸೇರಿಸಿ ಬಂದ. ಚೆಂಡಿನ ಲೆಕ್ಕ ಅವನಿಗೆ ಇವತ್ತಿಗೂ ತಿಳಿದಿಲ್ಲ. ನಿಜ ಹೇಳಲೇ? ನನಗೂ ಪೂರ್ತಿ ತಿಳಿದಿಲ್ಲ.

ಎಲ್ಲ ತಿಳಿದ ಮೇಲೆಯೇ ಕೇಳುತ್ತೇನೆ ಅಂದರೆ ಯಾವಾಗ ಕೇಳುತ್ತೀರಿ? ಮಗ ಏನೋ ಹೇಳುತ್ತಾನೆ, ಅರ್ಥವಾಗುವುದಿಲ್ಲ, ಗದರುತ್ತೀರಿ. ಸೊಸೆ ಏನೋ ಹೇಳುತ್ತಾಳೆ, ಅರ್ಥವಾಗುವುದಿಲ್ಲ, ಎದ್ದು ಹೋಗುತ್ತೀರಿ. ಇವತ್ತು ಮನೆಗೆ ಹೋಗಿ ಅಷ್ಟನ್ನು ಬಿಡಿ. ತಿಳಿಯದಿದ್ದರೆ ತಿಳಿಯಲಿಲ್ಲ ಅನ್ನಿ. ಹಾಗೆ ಹೇಳಿ ಎದ್ದು ಹೋಗಬೇಡಿ, ಕೂತಿರಿ. ಅವರು ಹೇಳಿ ಮುಗಿಸಲಿ.