ಆರನೇ ಟೇಬಲ್ಲಿನ ಗುಂಯ್‌ಗಾಟ

ಕಟ್ಟುಕತೆ ಅಂದುಕೊಳ್ಳಬೇಡಿ. ಕೈಲಾಂಚದ ನಮ್ಮ ಚಿಕ್ಕಪ್ಪನ ಮಗಳು ಜ್ಯೋತಿಲಕ್ಷ್ಮಿಗೆ ಆದದ್ದು.

ಕೊನೇ ಬಸ್ಸಿಳಿದು ಪಾಳುಬಾವಿ ಪಕ್ಕದಲ್ಲಿ ಬರುತ್ತಿದ್ದಳು. ಜೊತೆಗೆ ಅದೇ ಬೀದಿಯ ಮಹೇಂದ್ರ, ಅವಳ ಕ್ಲಾಸಿನವನು. ಹಿಪ್ಪುನೇರಳೆ ಎಲೆ ಸರಸರ ಅನ್ನುತ್ತಿತ್ತು.

"ಯಾಕೆ ನಡುಗ್ತಿದ್ದೀಯ? ಭಯಾನಾ?" ಪಿಸುಗುಟ್ಟಿದ.

"ಸಿಟ್ಟು ಕಣೋ... ಮೈಯೆಲ್ಲ ಉರೀತೈತೆ."

ಉರಿಯದೆ ಇನ್ನೇನು? ಅವಳಣ್ಣ ಸ್ವಾಮಿ ಇವರಿಬ್ಬರೂ ಓದುವ ರಾಮನಗರದ ಡಿಪ್ಲೊಮಾ ಕಾಲೇಜಿನ ಲ್ಯಾಬಿನಲ್ಲಿ, ಆರನೇ ಟೇಬಲ್ಲಿನಲ್ಲಿ, ಕರೆಂಟು ಹೊಡೆದು ಸತ್ತಿದ್ದ. ಹುಡುಗನೇ ವೈರು ತಪ್ಪು ಹಾಕಿದ ಅಂತ ಕಾಲೇಜಿನವರು ಕೈತೊಳೆದುಕೊಂಡರು. ತಾಯಿ ಕೆಂಚಮ್ಮ ಅಂದಿನಿಂದ ಊರೊಳಗೆ ತಲೆಯೆತ್ತಿ ನಡೆದಿರಲಿಲ್ಲ.

ಅಂದು ಸಂಜೆ ಜ್ಯೋತಿ ಬೇಕೆಂದೇ ಆ ಟೇಬಲ್ಲು ಹಿಡಿದಳು. ಸಿಗ್ನಲ್ ದೊಡ್ಡದು ಮಾಡುವ ಆಪ್-ಆಂಪ್ ಸರ್ಕ್ಯೂಟಿನ ಗೇನ್ ಅಳೆಯಬೇಕಿತ್ತು, ಒಳಗೆ ಕೊಟ್ಟದ್ದು ಎಷ್ಟು ಪಟ್ಟಾಗಿ ಹೊರಬರುತ್ತದೆ ಅಂತ. ಉಳಿದವರು ಲೆಕ್ಕ ಹಾಕಿ ಹನ್ನೊಂದು ಅಂತ ಬರೆದು ಮನೆಗೆ ಹೋಗಿದ್ದರು, ಮಹೇಂದ್ರ ಮಾತ್ರ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ. ಇವಳು ನಿಜವಾಗಿ ಅಳೆದಳು. ಹನ್ನೊಂದೇ ಬಂತು. ಆಮೇಲೆ ಸಿಗ್ನಲ್ ಒಳಗೆ ಕೊಡುವ ವೈರು ಕಿತ್ತು ಗ್ರೌಂಡಿಗೆ, ಅಂದರೆ ಸೊನ್ನೆ ವೋಲ್ಟಿಗೆ, ಸಿಕ್ಕಿಸಿದಳು. ಈಗ ಸೊನ್ನೆ ಬರಬೇಕು. ಆದರೆ ಔಟ್‌ಪುಟ್ಟಿಗೆ ಹಾಕಿದ್ದ ಪುಟ್ಟ ಸ್ಪೀಕರಿನಿಂದ... ಗುಂಯ್ಯ್...

ಲ್ಯಾಬಿನ ಸರ್ ಬಂದರು. "ತಪ್ಪು ವೈರಿಂಗು. ನಿಮ್ಮಣ್ಣನ ಥರಾನೇ."

ಥೂ, ಅವನ ಬಾಯಿಗೆ ಹುಳ ಬೀಳ!

ಸದ್ದು ಜೋರಾಯಿತು. ಟೇಬಲ್ಲಿನ ಕಬ್ಬಿಣದ ಕಾಲಿಗೆ ಸರ್ ಕೈ ತಗುಲಿತು. ಚಟ್!

"ಅಯ್ಯೋ! ಇನ್ನೂ ಅರ್ತಿಂಗ್ ಹಾಕ್ಸಿಲ್ವಾ ಇದಕ್ಕೆ?"

ಸದ್ದು ನಿಂತಿತು.

"ಇನ್ನೂ...? ಅಂದ್ರೆ ಅಣ್ಣ ಸತ್ತಾಗ್ಲೇ ನಿಮ್ಗೆ ಗೊತ್ತಿತ್ತು!" ಜ್ಯೋತಿ ಕಿರುಚಿದ್ದು ಕಾರಿಡಾರಿಗೆಲ್ಲ ಕೇಳಿತು.

"ನಾಳೆ ಅವ್ವನ ಮುಂದೆ ಆ ಸರ್ ಅದೇ ಮಾತು ಹೇಳ್ಲಿ," ಅಂದಳು ಬಾವಿಯ ಹತ್ತಿರ. "ಸರ್ಕ್ಯೂಟು ಬಿಚ್ಚಿಲ್ಲ, ಬ್ಯಾಗಲ್ಲೇ ಐತೆ."

ಮಹೇಂದ್ರ ನಿಂತುಬಿಟ್ಟ. ಬಾವಿಯೊಳಗೆ ಏನೋ ಬುಳಕ್ ಅಂದಿತು.

"ಐಸಿ ಎಲ್ಲಿಂದ ತಂದೆ ನೀನು?"

ಐಸಿ ಅಂದರೆ ಸರ್ಕ್ಯೂಟಿನ ಜೀವ. ಕಾಲೇಜಿನವೆಲ್ಲ ಸುಟ್ಟುಹೋಗಿ, ಇಬ್ಬರಿಗೊಂದರಂತೆ ಹುಡುಗರೇ ಕೊಂಡು, ಕೆಲಸವಾದೊಡನೆ ಕಿತ್ತಿಟ್ಟುಕೊಳ್ಳುತ್ತಿದ್ದರು.

"ನೀನು ಕೊಟ್ಟ ಬೋರ್ಡಲ್ಲೇ ಇತ್ತಲ್ಲೋ."

"ಇಲ್ಲ ಕಣೇ... ಮಧ್ಯಾಹ್ನ ನನ್ದು ಮುಗಿದಾಗ್ಲೇ ಕಿತ್ಕಂಡೆ. ನಿಂಗೆ ಕೊಡೋದೇ ಮರ್ತೆ." ಜೇಬಿನಿಂದ ತೆಗೆದು ತೋರಿಸಿದ. ಥರ್ಮಾಕೋಲ್ ಚೂರಿಗೆ ಚುಚ್ಚಿದ್ದ ಎಂಟು ಕಾಲಿನ ಕರಿ ಐಸಿ.

ಮಾರನೇ ದಿನ ಕೆಂಚಮ್ಮ ತಲೆಯೆತ್ತಿಕೊಂಡೇ ಕಾಲೇಜಿಗೆ ನಡೆದರು. ನಾನೂ ಜೊತೆಗಿದ್ದೆ, ಸುಳ್ಳು ಹೇಳಿ ನನಗೇನಾಗಬೇಕು? ಆ ಬೋರ್ಡನ್ನು ಕೈಯಾರೆ ಹಿಡಿದು ನೋಡಿದ್ದೇನೆ. ವೈರುಗಳೆಲ್ಲ ಸರಿಯಾಗಿದ್ದವು. ಐಸಿ ಇರಬೇಕಾದ ಜಾಗ ಖಾಲಿ.