ಅಮ್ಮನ ಲೋಟದ ನೆಗ್ಗು

ಇಂಜೆಕ್ಷನ್ನಿಗೆ ಮರಗಟ್ಟಿದ ದವಡೆ ಹಿಡಿದುಕೊಂಡು ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ಕೂತಿದ್ದ ಬೇಕರಿಯವನ ಮೂಗಿಗೆ ಹಣ್ಣಿನ ಕೇಕಿನ ವಾಸನೆ ಬಡಿಯಿತು. ಪಕ್ಕದ ಬೆಂಚಿನಲ್ಲಿ ತಲೆ ನರೆತ ಅಕ್ಕನೊಬ್ಬಳು, ಹಲ್ಲು ಕೀಳಿಸಿಕೊಳ್ಳಲು ಬಂದ ತಂಗಿಯ ಮುಂದೆ ಡಬ್ಬಿ ಹಿಡಿದಿದ್ದಳು.

"ಆಮೇಲೆ ತಿನ್ನೋಕಾಗಲ್ಲ. ಈಗ್ಲೇ ರುಚಿ ನೋಡಿ ಹೇಳು."

"ದ್ರಾಕ್ಷಿ, ಕಿತ್ತಳೆ ಸಿಪ್ಪೆ, ಎಲ್ಲ ಥೇಟ್ ಅಮ್ಮಂದೇ. ಆದ್ರೆ ಗಂಟಲಲ್ಲಿ ಹಿಡ್ಕೊಳ್ಳುತ್ತೆ ಕಣಕ್ಕ."

"ಅದೆಂಗೆ? ನಾಲ್ಕು ಮೊಟ್ಟೆ, ಅಮ್ಮನ ಲೋಟದಲ್ಲೇ ಮೂರು ಲೋಟ ಹಿಟ್ಟು. ಒಂದು ಚೂರೂ ಹೆಚ್ಚುಕಮ್ಮಿ ಮಾಡಿಲ್ಲ."

"ಆ ನೆಗ್ಗಿದ ಲೋಟ ತಾನೆ?"

"ಈಗೆಲ್ಲಿ ನೆಗ್ಗಿದೆ? ಅಮ್ಮನ ನೆನಪಿಗೆ ಉಳಿದಿರೋದು ಅದೊಂದೇ. ಚೆನ್ನಾಗಿರ್ಲಿ ಅಂತ ತಟ್ಟಿಸಿ ಸರಿ ಮಾಡಿಸ್ದೆ."

ಬೇಕರಿಯವನು ಬಾಯಿ ತೆರೆದ, ನಾಲಿಗೆ ಹೊರಳಲಿಲ್ಲ. ತಂಗಿಯೇ ಹೇಳಿದಳು.

"ಅಯ್ಯೋ ಅಕ್ಕ, ನೆಗ್ಗು ಹೋದ್ರೆ ಹಿಟ್ಟು ಜಾಸ್ತಿ ಹಿಡಿಯಲ್ವಾ? ಮೊಟ್ಟೆ ಮಾತ್ರ ಅದೇ ನಾಲ್ಕು."

ಅಕ್ಕ ಡಬ್ಬಿಯ ಮುಚ್ಚಳ ಹಾಕಿದಳು, ಮತ್ತೆ ತೆಗೆದಳು.

"ಅದನ್ನ ನೆಗ್ಗಿಸಿದ್ದು ನೀನೇ ಅಲ್ವೇನೆ?"

"ಹ್ಞೂಂ. ಮೆಟ್ಟಿಲ ಮೇಲಿಂದ ಬೀಳಿಸಿದ್ದೆ. ಅಮ್ಮನ ಹತ್ರ ಎಷ್ಟು ಬೈಸ್ಕೊಂಡೆ."

"ಬೈದ್ಲು. ಆದ್ರೆ ಸಾಯೋವರೆಗೂ ಸರಿ ಮಾಡಿಸ್ಲಿಲ್ಲ ನೋಡು."

ಒಳಗಿನಿಂದ ನರ್ಸ್ ಕರೆದಳು. ಇಬ್ಬರೂ ಎದ್ದರು.

"ಭಾನುವಾರ ಮನೆಗೆ ಬಾ," ಎಂದಳು ಅಕ್ಕ, ತಂಗಿಯ ಕೈಚೀಲ ತೆಗೆದುಕೊಳ್ಳುತ್ತ. "ಲೋಟ ಕೊಡ್ತೀನಿ, ಇನ್ನೊಂದ್ಸಲ ಬೀಳಿಸು."

"ಬೀಳಿಸ್ತೀನಿ. ಬೈಯೋರು ಯಾರು?" ಎನ್ನುತ್ತ ತಂಗಿ ಅಕ್ಕನ ತೋಳು ಹಿಡಿದು ಒಳಗೆ ಹೋದಳು.